ದಫ್ತರ ಬಿಚ್ಚುವ ಮೊದಲು: ಹಳೆಯ ಮನೆತನದ ಕಾಗದಗಳ ಬಗ್ಗೆ ಓದುಗರ ಪ್ರಶ್ನೆಗಳು

ಗೌಡಕಿ, ಕುಲಕರ್ಣಿಕಿ, ದೇಶಮುಖಿಯಂಥ ವಂಶಪಾರಂಪರ್ಯದ ಹುದ್ದೆ (ವತನ) ಇಲ್ಲವೆ ಇನಾಮು (ಕೊಡುಗೆ ಜಮೀನು) ಇದ್ದ ಮನೆಗಳಲ್ಲಿ ಉಳಿದಿರುವ ದಫ್ತರಗಳ, ಅಂದರೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟುಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಒಂದು ಪ್ರಶ್ನೆ ಅಮೆರಿಕದ ಜಮೀನ್ದಾರ ಮನೆತನವೊಂದರ ಕಾಗದಗಳಿಗೆ ಸಂಬಂಧಿಸಿದ್ದು. ಅದನ್ನು ಬೇಕೆಂದೇ ಸೇರಿಸಿದ್ದೇವೆ. ಆ ಕಾಗದ ಓದಲು ಬೇಕಾಗುವ ಎಚ್ಚರವೇ ನಮ್ಮ ಸಂದೂಕದ ಕಾಗದಕ್ಕೂ ಬೇಕು.

ಭಾಲ್ಕಿ ತಾಲ್ಲೂಕಿನಿಂದ: ನಮ್ಮ ಮುತ್ಯಾನ ಸಂದೂಕದಾಗ ಕೆಂಪು ಬಟ್ಟಿಯೊಳಗ ಕಟ್ಟಿದ ಮೂರು ದಫ್ತರ ಸಿಕ್ಕಾವ. ಒಂದಕ್ಕ ಗೆದ್ದಲ ಹತ್ಯಾದ. ಮೋಡಿ (ಹಳೆಯ ಕೂಡುಬರಹದ ಲಿಪಿ), ಉರ್ದು ಎರಡೂ ಅದಾವ. ಮೊದಲ ಏನು ಮಾಡಬೇಕು? ಬಿಸಿಲಿಗೆ ಹಾಕಲೇನು?

ಬಿಸಿಲಿಗೆ ಬೇಡ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಹಳೆಯ ಕಾಗದವನ್ನು ಒಂದೇ ಮಧ್ಯಾಹ್ನದಲ್ಲಿ ಹಪ್ಪಳದ ಹಾಗೆ ಮಾಡುತ್ತದೆ, ಮಡಿಕೆ ಇದ್ದಲ್ಲೆಲ್ಲ ಸೀಳುತ್ತದೆ. ನೆರಳಲ್ಲಿ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ ಅದರ ಮೇಲಿಡಿ. ಫ್ಯಾನ್ ಬಂದ್ ಮಾಡಿ.

ಗಂಟು ಬಿಚ್ಚುವ ಮುಂಚೆ ದಫ್ತರದ ಆರೂ ಮಗ್ಗುಲಿನ ಫೋಟೊ ತೆಗೆಯಿರಿ. ಬಟ್ಟೆಯ ಮೇಲೆ ಚೀಟಿ ಹೊಲಿದಿದ್ದರೆ, ಊರಿನ ಹೆಸರೋ ಸನ್ನೋ ಬರೆದಿದ್ದರೆ ಅದರ ಫೋಟೊ ಬೇರೆಯಾಗಿ ಇರಲಿ. ಬಿಚ್ಚಿದ ಮೇಲೆ ಮೇಲಿನ ಕಾಗದ ಮೇಲೇ ಇರಬೇಕು, ಕೆಳಗಿನದು ಕೆಳಗೇ. ಬಹಳ ಜನ ಎಡವುವುದು ಇಲ್ಲೇ. ಕೂತವರೇ ‘ಉರ್ದು ಇತ್ತ, ಮೋಡಿ ಅತ್ತ, ರಸೀದಿ ಬೇರೆ’ ಎಂದು ವಿಂಗಡಿಸಿಬಿಡುತ್ತಾರೆ. ದಫ್ತರ ಕಟ್ಟಿದವರು ಒಂದು ಹೊಲದ ಖರೀದಿಪತ್ರ, ಅದೇ ಹೊಲದ ತಕರಾರಿನ ಅರ್ಜಿ, ಅದರ ಫೈಸಲು, ನಂತರದ ರಸೀದಿಗಳು ಎಲ್ಲವನ್ನೂ ಒಂದರ ಹಿಂದೆ ಒಂದು ಇಟ್ಟಿರುತ್ತಾರೆ. ತಾರೀಖು ಹರಿದುಹೋದ ಕಾಗದಕ್ಕೆ ಕಾಲ ಹೇಳುವುದು ಅದರ ಅಕ್ಕಪಕ್ಕದ ಕಾಗದ. ಒಮ್ಮೆ ಕಲಸಿದರೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ. ಹಾಗಾಗಿ ಮೇಲಿನಿಂದ ಒಂದೊಂದೇ ತೆಗೆದು, ಹಿಂಬದಿಯ ಕೆಳಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಮೆತ್ತಗೆ ನಂಬರು ಹಾಕಿ: 1/1, 1/2, 1/3. ಮೊದಲ ಅಂಕಿ ದಫ್ತರದ್ದು, ಎರಡನೆಯದು ಕಾಗದದ್ದು. ಬಾಲ್‌ಪೆನ್ ಕೈಗೆ ತೆಗೆದುಕೊಳ್ಳಲೇಬೇಡಿ.

ಹುಳದ ಗುರುತು ನೋಡಿ ಮುಂದುವರಿಯಿರಿ. ಮಣ್ಣಿನ ಗೆರೆ ಇದ್ದು ಕಾಗದ ಗುಳಿಗುಳಿಯಾಗಿ ತಿಂದಿದ್ದರೆ ಗೆದ್ದಲು. ಮೇಲ್ಮೈ ಮಾತ್ರ ಕೆರೆದು ತೆಳ್ಳಗಾಗಿದ್ದರೆ ಬೆಳ್ಳಿಹುಳ. ಸೂಜಿ ಚುಚ್ಚಿದಂಥ ದುಂಡು ತೂತು ಹತ್ತಾರು ಹಾಳೆ ದಾಟಿ ಹೋಗಿದ್ದರೆ ಅದು ಕೊರೆಯುವ ಹುಳದ ಮರಿ, ಅದು ಇನ್ನೂ ಒಳಗೇ ಇರಬಹುದು. ಗೆದ್ದಲಿನ ಮನೆ ಇರುವುದು ಗೋಡೆಯಲ್ಲಿ ಇಲ್ಲವೆ ನೆಲದಲ್ಲಿ. ಮಣ್ಣನ್ನು ಮೆತ್ತನೆ ಬ್ರಷ್‌ನಿಂದ ಝಾಡಿಸಿ, ಕಾಗದವನ್ನು ಆ ಕೋಣೆಯಿಂದ ಹೊರಗೆ ತನ್ನಿ, ಔಷಧಿ ಗೋಡೆಗೆ ಹೊಡೆಸಿ. ಕೊರೆಯುವ ಹುಳ ಇದ್ದರೆ ಪೂರ್ತಿ ಒಣಗಿದ ದಫ್ತರವನ್ನು ಎರಡು ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ಗಾಳಿಯ ತೇವ ಇಳಿದು ಶಾಯಿ ಹರಡುತ್ತದೆ. ಕಾಗದದ ಮೇಲೆ ಗಮೆಕ್ಸಿನ್ ಪುಡಿ ಉದುರಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಅದು ವಿಷ. ಓದಲು ಕೂತವರ ಕೈಗೂ ಉಸಿರಿಗೂ ಹೋಗುತ್ತದೆ.

ತುಕ್ಕು ಹಿಡಿದ ಟಾಚಣಿಯನ್ನು (ಗುಂಡುಪಿನ್ನು) ಎಳೆದರೆ ತುಂಡು ಕಾಗದವೂ ಜೊತೆಗೆ ಬರುತ್ತದೆ. ಟಾಚಣಿಯ ಕೆಳಗೊಂದು, ಮೇಲೊಂದು ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕಾಗದವನ್ನು ಅದುಮಿ ಹಿಡಿದು ನಿಧಾನವಾಗಿ ಜಾರಿಸಿ. ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಬಿಡಿಸಬೇಡಿ, ಹಾಗೇ ಇರಲಿ.

ಮಡಿಕೆ ಬಿಡದ ಕಾಗದಕ್ಕೆ ಸ್ವಲ್ಪ ತೇವ ಬೇಕು. ಅದಕ್ಕೂ ಮೊದಲು ಶಾಯಿ ಪರೀಕ್ಷೆ. ನಮ್ಮ ಹಳೆಯ ಕರಿ ಶಾಯಿ ಕಾಡಿಗೆ ಮತ್ತು ಅಂಟು ಕಲಸಿ ಮಾಡಿದ್ದು. ನೂರು ವರ್ಷವಾದರೂ ಬಣ್ಣ ಮಾಸುವುದಿಲ್ಲ, ಆದರೆ ನೀರು ತಗುಲಿದರೆ ಕದಡುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ತುಸು ಒದ್ದೆ ಮಾಡಿ ಅಕ್ಷರದ ಬಾಲಕ್ಕೆ ಮುಟ್ಟಿಸಿ ನೋಡಿ. ಹತ್ತಿ ಕಪ್ಪಾದರೆ ಆ ಕಾಗದಕ್ಕೆ ತೇವದ ಉಪಚಾರ ಬೇಡ. ಕಪ್ಪಾಗದಿದ್ದರೆ, ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ ಹಾಸಿ, ಮೇಲೊಂದು ಜಾಲರಿ ಕೂರಿಸಿ, ಕಾಗದವನ್ನು ಬಟ್ಟೆಗೆ ತಾಗದಂತೆ ಜಾಲರಿಯ ಮೇಲಿಟ್ಟು ಮುಚ್ಚಿ. ತಾಸಿಗೊಮ್ಮೆ ನೋಡುತ್ತಿದ್ದರೆ ನಾಲ್ಕರಿಂದ ಆರು ತಾಸಿನಲ್ಲಿ ಮಡಿಕೆ ಸಡಿಲುತ್ತದೆ. ಆಮೇಲೆ ಎರಡು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಬಟ್ಟೆ ಸುತ್ತಿದ ಶಹಾಬಾದ್ ಫರಸಿಯ ತುಂಡಿಗಿಂತ ಒಳ್ಳೆಯ ಭಾರ ನಮಗೆ ಗೊತ್ತಿಲ್ಲ: ಸಪಾಟಾಗಿದೆ, ತೂಕವಿದೆ, ಮನೆಯಲ್ಲೇ ಇದೆ. ಮರುದಿನ ಬ್ಲಾಟಿಂಗ್ ಬದಲಿಸಿ. ಈ ಕೆಲಸ ಮಳೆಗಾಲದಲ್ಲಿ ಬೇಡ, ಬೂಸು ಹಿಡಿಯುತ್ತದೆ.

ಹಳೆಯ ಕೆಂಪು ಬಟ್ಟೆಯನ್ನು ತೆಗೆದಿಡಿ, ಎಸೆಯಬೇಡಿ. ಕಾಗದಕ್ಕೆ ಮಾತ್ರ ಗಂಜಿ ಹೋಗುವಂತೆ ಎರಡು ಸಲ ಒಗೆದ ಕೋರಾ ಬಟ್ಟೆ ಸುತ್ತಿ. ಕಪಾಟು ನೆಲದಿಂದ ಅರ್ಧ ಅಡಿ ಮೇಲೆ, ಹೊರಗೋಡೆಯಿಂದ ಅರ್ಧ ಅಡಿ ದೂರ ಇರಲಿ.

ಚಿತ್ತಾಪುರದಿಂದ: ಒಂದೇ ಕಾಗದದಲ್ಲಿ ಮೂರು ಇಸವಿ ಇವೆ. ಉರ್ದುವಿನಲ್ಲಿ ‘ಮಾಹೆ ದೈ ಸನ್ 1318 ಫಸಲಿ’, ಕೆಳಗೆ ಕನ್ನಡದಲ್ಲಿ ‘ಕೀಲಕನಾಮ ಸಂವತ್ಸರ ಮಾರ್ಗಶಿರ ಶುದ್ಧ 5’, ಮೊಹರಿನಲ್ಲಿ 1316. ಮೊಹರು ಎರಡು ವರ್ಷ ಮೊದಲೇ ಹಾಕಿದ್ದೇ? ಕಾಗದ ನಕಲಿಯೇ?

ನಕಲಿ ಎನ್ನಲು ಇಲ್ಲಿ ಏನೂ ಇಲ್ಲ. ಮೂರು ಅಂಕಿ ಮೂರು ಬೇರೆ ಲೆಕ್ಕಕ್ಕೆ ಸೇರಿದವು.

ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ, ಅಂದರೆ ಕಂದಾಯದ ವರ್ಷ, ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. ತಿಂಗಳುಗಳು ಕ್ರಮವಾಗಿ ಆಜೂರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಅಕ್ಟೋಬರಿನಿಂದ ಡಿಸೆಂಬರ್ ತನಕದ ದಿನವಾದರೆ ಫಸಲಿಗೆ 590 ಕೂಡಿಸಿ, ಜನವರಿಯಿಂದ ಮುಂದಕ್ಕಾದರೆ 591. ದೈ ಎರಡನೇ ತಿಂಗಳು, ಅಂದರೆ ನವೆಂಬರ್ ಆಸುಪಾಸು. ಹಾಗಾಗಿ 1318 ಕೂಡಿಸು 590, ಇಸವಿ 1908. ಈಗ ಕನ್ನಡದ ಸಾಲು ನೋಡಿ. ಕೀಲಕ ಸಂವತ್ಸರ ಬಂದದ್ದು 1848, 1908, 1968ರಲ್ಲಿ. 1908ರ ಮಾರ್ಗಶಿರ ಶುದ್ಧ ಪಂಚಮಿ ಬೀಳುವುದು ನವೆಂಬರ್ ಕೊನೆಯ ವಾರದಲ್ಲಿ. ಎರಡೂ ಒಂದೇ ತಿಂಗಳಿಗೆ ಬಂದು ನಿಂತವು. ಕಾಗದ ಅಸಲಿ ಎನ್ನಲು ಇದು ಒಳ್ಳೆಯ ಲಕ್ಷಣ. ನಕಲಿ ಮಾಡುವವರು ಸಾಮಾನ್ಯವಾಗಿ ತಪ್ಪುವುದು ಈ ಹೊಂದಾಣಿಕೆಯಲ್ಲೇ.

ಮೊಹರಿನ 1316 ಹಿಜರಿ, ಮುಸ್ಲಿಮರ ಚಾಂದ್ರಮಾನ ವರ್ಷ. ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಇಸವಿ ಹೆಚ್ಚುಕಡಿಮೆ ಸಿಗುತ್ತದೆ. 1316 ಅಂದರೆ 1898. ಅದು ಮೊಹರು ಕೆತ್ತಿಸಿದ ವರ್ಷ, ಒತ್ತಿದ ವರ್ಷವಲ್ಲ. ಒಬ್ಬ ಮನುಷ್ಯ ತನ್ನ ಮೊಹರನ್ನು ಹತ್ತಿಪ್ಪತ್ತು ವರ್ಷ ಬಳಸುತ್ತಿದ್ದ. ಹಾಗಾಗಿ ಮೊಹರಿನ ವರ್ಷ ಕಾಗದದ ವರ್ಷಕ್ಕಿಂತ ಹಿಂದಿನದಾಗಿದ್ದರೆ ಸಹಜ, ಮುಂದಿನದಾಗಿದ್ದರೆ ಮಾತ್ರ ಅನುಮಾನ ಪಡಬೇಕು.

ಎರಡು ಎಚ್ಚರ. ಮೊಬೈಲಿನಲ್ಲಿ ಸಿಗುವ ಕೆಲವು ಫಸಲಿ ಲೆಕ್ಕ ಮದ್ರಾಸ್ ಪ್ರಾಂತದ್ದು. ಅಲ್ಲಿ ಫಸಲಿ ಜುಲೈ 1ಕ್ಕೆ ಶುರು. ಅದನ್ನು ನಮ್ಮ ಕಾಗದಕ್ಕೆ ಹಾಕಿದರೆ ಜುಲೈಯಿಂದ ಸೆಪ್ಟೆಂಬರ್ ತನಕದ ತಾರೀಖೆಲ್ಲ ಒಂದು ವರ್ಷ ಹಿಂದುಮುಂದಾಗುತ್ತದೆ. ಇನ್ನೊಂದು, ಶಕ ವರ್ಷ ಬರೆದಿದ್ದರೆ 78 ಕೂಡಿಸಿ, ಆದರೆ ಪುಷ್ಯದ ಕೊನೆ, ಮಾಘ, ಫಾಲ್ಗುಣಗಳಿಗೆ 79. ಯುಗಾದಿ ಇನ್ನೂ ಬಂದಿರುವುದಿಲ್ಲ, ಇಸವಿ ಮಾತ್ರ ಬದಲಾಗಿರುತ್ತದೆ.

ಭಾಷೆಯಿಂದಲೂ ಕಾಲ ಅಂದಾಜು ಮಾಡಬಹುದು. ಸಂಸ್ಥಾನದ ಸರಕಾರಿ ಭಾಷೆ ಪಾರ್ಸಿಯಿಂದ (ಪರ್ಷಿಯನ್) ಉರ್ದುವಿಗೆ ಬದಲಾದದ್ದು 1880ರ ದಶಕದಲ್ಲಿ. ಕಚೇರಿಯ ಹುಕುಂ ಪೂರ್ತಿ ಪಾರ್ಸಿಯಲ್ಲಿದ್ದರೆ ಅದಕ್ಕಿಂತ ಮುಂಚಿನದು ಎಂದು ಹಿಡಿದು ಹೊರಡಿ. ಅವ್ವಲ್ ತಾಲ್ಲೂಕ್‌ದಾರ್, ದೋಯಂ ತಾಲ್ಲೂಕ್‌ದಾರ್ ಎಂಬ ಹುದ್ದೆಗಳು ಕಂಡರೆ ಸಂಸ್ಥಾನದ ದಿವಾನರಾಗಿದ್ದ ಮೊದಲ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ (ಜಿಲ್ಲೆಗಳ ವಿಂಗಡಣೆ) ಮಾಡಿದ ನಂತರದ್ದು. ಅವ್ವಲ್ ತಾಲ್ಲೂಕ್‌ದಾರ್ ಎಂದರೆ ಈಗಿನ ಜಿಲ್ಲಾಧಿಕಾರಿ. ಹೆಸರು ನೋಡಿ ತಾಲ್ಲೂಕಿನ ಅಧಿಕಾರಿ ಎಂದುಕೊಳ್ಳಬೇಡಿ.

ಹುಮನಾಬಾದಿನಿಂದ: ಸನದನ್ನು (ಸರ್ಕಾರ ಕೊಟ್ಟ ಹಕ್ಕುಪತ್ರ) ಲ್ಯಾಮಿನೇಷನ್ ಮಾಡಿಸಬಹುದೇ?

ಬೇಡವೇ ಬೇಡ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಒಳಗಿನ ಆಮ್ಲ ಒಳಗೇ ಉಳಿದು ಕಾಗದ ಕಂದಾಗುತ್ತದೆ. ಅರಗಿನ ಮೊಹರು ಇದ್ದರೆ ಬಿಸಿಗೆ ಕರಗಿ ಹೋಯಿತೆಂದೇ ಲೆಕ್ಕ. ಸೆಲ್ಲೊಟೇಪೂ ಬೇಡ, ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿ ಕಲೆಯಾಗಿ ಅಕ್ಷರ ನುಂಗುತ್ತದೆ. ಹರಿದದ್ದನ್ನು ಜೋಡಿಸಲೇಬೇಕಿದ್ದರೆ ತೆಳು ಜಪಾನಿ ಟಿಶ್ಯೂ ಮತ್ತು ಗೋಧಿ ಪಿಷ್ಟದ ಗಟ್ಟಿ ಅಂಟು ಬಳಸಿ, ಅದೂ ಶಾಯಿ ಪರೀಕ್ಷೆಯ ನಂತರ, ಬರಹವಿಲ್ಲದ ಬದಿಗೆ. ಗೋಧಿ ಹಿಟ್ಟನ್ನೇ ಕುದಿಸಿ ಹಚ್ಚಬೇಡಿ, ಅದು ಬೆಳ್ಳಿಹುಳಕ್ಕೆ ಊಟ ಬಡಿಸಿದಂತೆ.

ಆಳಂದದಿಂದ: ಬೈನಾಮೆಯಲ್ಲಿ (ಖರೀದಿಪತ್ರ) ರೊಕ್ಕದ ಅಂಕಿ ಓದಲು ಬರುತ್ತಿಲ್ಲ. ಉರ್ದು ಬಲ್ಲವರಿಗೂ ತೋರಿಸಿದೆ, ಅವರೂ ‘ಇದು ಅಂಕಿಯಲ್ಲ’ ಅಂದರು. ಹೊಲದ ಚಕ್ಕುಬಂದಿಯೂ ತಿಳಿಯುತ್ತಿಲ್ಲ.

ಅದು ರಕಮಿನ ಬರಹ. ಒಂದು, ಎರಡು ಎಂದು ಅಂಕಿ ಹಾಕುವ ಬದಲು ಅರಬ್ಬಿಯ ಸಂಖ್ಯಾಪದಗಳನ್ನೇ ಮೊಟಕು ಮಾಡಿ ಗೀಚುವ ಪದ್ಧತಿ, ಸಿಯಾಕ್ ಎನ್ನುತ್ತಾರೆ. ಇದರಲ್ಲಿ ಸೊನ್ನೆಯಿಲ್ಲ. ಇಂದಿನ ಉರ್ದು ಓದಿದವರಿಗೆ ಇದು ಬರುವುದಿಲ್ಲ, ಅವರ ತಪ್ಪಲ್ಲ. ಆದರೆ ನಿಮ್ಮ ಕಾಗದದಲ್ಲೇ ಬೀಗದಕೈ ಇರುತ್ತದೆ. ಖರೀದಿಪತ್ರದಲ್ಲಿ ಮೊತ್ತದ ಮುಂದೆ ‘ನಿಸ್ಫ್’ ಎಂಬ ಪದ ಹುಡುಕಿ. ಮೊತ್ತ ತಿದ್ದಬಾರದೆಂದು ಅದರ ಅರ್ಧವನ್ನೂ ಬರೆಯುತ್ತಿದ್ದರು: ಇಷ್ಟು ರೂಪಾಯಿ, ಅದರ ಅರ್ಧ ಇಷ್ಟು. ಒಂದು ಜಾಗದಲ್ಲಿ ರಕಮು ಇದ್ದು ಇನ್ನೊಂದರಲ್ಲಿ ಪೂರ್ತಿ ಅಕ್ಷರದಲ್ಲಿದ್ದರೆ ಲೆಕ್ಕ ಬಿಚ್ಚಿಕೊಳ್ಳುತ್ತದೆ. ‘ದೋ ಸೌ’ ಅರ್ಧವಾದರೆ ಮೊತ್ತ 400. ಹೀಗೆ ಖಾತ್ರಿಯಾದ ಒಂದೊಂದು ರಕಮಿನ ಚಿತ್ರವನ್ನೂ ನೋಟ್‌ಬುಕ್ಕಿನಲ್ಲಿ ಬಿಡಿಸಿಟ್ಟುಕೊಳ್ಳಿ. ಅದೇ ಬರಹಗಾರ ಬರೆದ ಇಪ್ಪತ್ತು ಕಾಗದ ನೋಡುವಷ್ಟರಲ್ಲಿ ನಿಮ್ಮದೇ ಒಂದು ಕೋಷ್ಟಕ ತಯಾರಾಗುತ್ತದೆ.

ರೂಪಾಯಿ ಯಾವುದು ಎಂಬುದನ್ನೂ ನೋಡಿ. ‘ಹಾಲಿ ಸಿಕ್ಕಾ’ ನಿಜಾಮರದ್ದು, ‘ಕಲ್ದಾರ್’ ಬ್ರಿಟಿಷರದ್ದು. ಅಧಿಕೃತ ದರ ನಿಗದಿಯಾದ ಮೇಲೆ 7 ಹಾಲಿಗೆ 6 ಕಲ್ದಾರ್. 700 ಹಾಲಿಗೆ ಬರೆದ ಅಡವು 600 ಕಲ್ದಾರಿನಲ್ಲಿ ತೀರಿದ್ದರೆ ಸಾಲಗಾರ ನೂರು ರೂಪಾಯಿ ಬಾಕಿ ಉಳಿಸಿದ ಎಂದು ಓದಬೇಡಿ. ಅವನು ಪೂರ್ತಿ ತೀರಿಸಿದ್ದಾನೆ.

ಚಕ್ಕುಬಂದಿ ಉರ್ದುವಿನಲ್ಲಿ ‘ಹುದೂದೆ ಅರ್ಬಾ’ ಎಂದು ಶುರುವಾಗುತ್ತದೆ. ಷರ್ಕ್ ಮೂಡಲು, ಗರ್ಬ್ ಪಡುವಲು, ಜುನೂಬ್ ತೆಂಕಲು, ಶುಮಾಲ್ ಬಡಗಲು. ಇವು ಸಾಮಾನ್ಯವಾಗಿ ಸಾಲಾಗಿ ನಾಲ್ಕು ತುಂಡಾಗಿ ಬರೆದಿರುವುದರಿಂದ ಕಣ್ಣಿಗೆ ಬೇಗ ಬೀಳುತ್ತವೆ. ಮೊದಲು ಅವನ್ನು ಓದಿ. ಪಕ್ಕದ ಹೊಲದವರ ಹೆಸರು, ಹಳ್ಳ, ಗಾಡಿದಾರಿ ನಿಮಗೆ ಗೊತ್ತಿರುವವೇ ಆದ್ದರಿಂದ ಬರಹಗಾರನ ಕೈ ಪರಿಚಯವಾಗುತ್ತದೆ. ಗೊತ್ತಿದ್ದ ಪದದಿಂದ ಗೊತ್ತಿಲ್ಲದ ಪದಕ್ಕೆ ಹೋಗುವುದೇ ಶಿಕಸ್ತಾ ಎಂಬ ಗೀಚು ಕೈಬರಹ ಓದುವ ದಾರಿ. ಕಾಗದದ ಹೆಸರೂ ನೆರವಾಗುತ್ತದೆ: ಬೈನಾಮಾ ಮಾರಾಟ, ರೆಹನ್‌ನಾಮಾ ಅಡವು, ತಕ್ಸೀಮ್‌ನಾಮಾ ಪಾಲುಪಟ್ಟಿ, ಹಿಬಾನಾಮಾ ದಾನ, ಕೌಲ್‌ನಾಮಾ ಗುತ್ತಿಗೆ, ಮುಖ್ತಾರ್‌ನಾಮಾ ಅಧಿಕಾರಪತ್ರ.

ಕಲಬುರಗಿಯ ಇತಿಹಾಸ ಎಂ.ಎ. ವಿದ್ಯಾರ್ಥಿಯಿಂದ: ಅಮೆರಿಕದ ಕೆಂಟಕಿ ಭಾಗಕ್ಕೆ 1780ರ ದಶಕದಲ್ಲಿ ವಲಸೆ ಹೋಗಿ ದೊಡ್ಡ ಜಮೀನು ಮಾಡಿದ ಮನೆತನದ ಕಾಗದಗಳು ಅಂತರಜಾಲದಲ್ಲಿ ಸಿಕ್ಕಿವೆ. ನಮ್ಮ ವತನದಾರ ಮನೆತನಗಳ ಜೊತೆ ಹೋಲಿಸಿ ಪ್ರಬಂಧ ಬರೆಯಬೇಕು. ಎಲ್ಲಿಂದ ಶುರು ಮಾಡಲಿ? ‘ಪೋಲ್’, ‘ವಾರಂಟ್’ ಎಂದರೇನು?

ಜಮೀನು ಕೈಗೆ ಬರುವ ಮೆಟ್ಟಿಲುಗಳಿಂದ ಶುರು ಮಾಡಿ. ಕೆಂಟಕಿ ಆಗ ವರ್ಜೀನಿಯಾದ ಭಾಗ, ರಾಜ್ಯವಾದದ್ದು 1792ರಲ್ಲಿ. ಅಲ್ಲಿ ನಾಲ್ಕು ಹಂತವಿತ್ತು. ವಾರಂಟ್ ಎಂದರೆ ಇಷ್ಟು ಎಕರೆ ಪಡೆಯಲು ಹಕ್ಕಿದೆ ಎಂಬ ಚೀಟಿ. ಎಲ್ಲಿ ಎಂಬುದು ಅದರಲ್ಲಿ ಇಲ್ಲ. ಎಂಟ್ರಿ ಎಂದರೆ ಇಂಥ ಹಳ್ಳದ ದಂಡೆಯ ನೆಲ ನನಗೆ ಎಂದು ಸರ್ವೇಯರನ ಪುಸ್ತಕದಲ್ಲಿ ದಾಖಲಿಸುವುದು. ಆಮೇಲೆ ಸರ್ವೆ, ಕೊನೆಗೆ ಗವರ್ನರ್ ಕೊಡುವ ಪೇಟೆಂಟ್. ಅಲ್ಲಿ ಪೇಟೆಂಟ್ ಎಂದರೆ ನಮ್ಮ ಸನದಿನ ಹಾಗೆ ಭೂಮಿಯ ಹಕ್ಕುಪತ್ರ. ಪೇಟೆಂಟ್ ಬರುವ ಮೊದಲಿನ ಹಂತಗಳಲ್ಲೇ ಹಕ್ಕನ್ನು ಇನ್ನೊಬ್ಬರಿಗೆ ಮಾರುತ್ತಿದ್ದರು. ಮಾರಿದ ವಿಷಯ ಕಾಗದದ ಬೆನ್ನ ಮೇಲೆ ಎರಡು ಸಾಲಿನಲ್ಲಿರುತ್ತದೆ. ಮುಂದಿನ ಬದಿ ಮಾತ್ರ ಓದಿದರೆ ಮಾಲೀಕನೇ ತಪ್ಪಿಹೋಗುತ್ತಾನೆ.

1779ರ ವರ್ಜೀನಿಯಾ ಕಾನೂನಿನ ಪ್ರಕಾರ 1778ರ ಜನವರಿಗೆ ಮೊದಲು ಬಂದು ನೆಲೆಸಿದವರಿಗೆ 400 ಎಕರೆ, ಜೊತೆಗೆ ಅದಕ್ಕೆ ಹೊಂದಿದ 1,000 ಎಕರೆ ಕೊಳ್ಳುವ ಮೊದಲ ಹಕ್ಕು. ನೆಲವನ್ನು ಮೊದಲೇ ಅಳೆದಿರಲಿಲ್ಲ. ‘ಹಳ್ಳದ ಬಾಯಿಯ ಬಿಳಿ ಓಕ್ ಮರದಿಂದ ಉತ್ತರಕ್ಕೆ ಇಷ್ಟು ಡಿಗ್ರಿ, ಇಷ್ಟು ಪೋಲ್’ ಎಂದು ಗಡಿ ಹೇಳುತ್ತಿದ್ದರು. ಮರ ಬಿದ್ದರೆ ಗಡಿ ಹೋಯಿತು. ಒಬ್ಬರ ನೆಲದ ಮೇಲೆ ಇನ್ನೊಬ್ಬರ ಹಕ್ಕು ಹೆಂಚಿನ ಮೇಲೆ ಹೆಂಚು ಹೊದೆಸಿದಂತೆ ಕೂತು, ದಶಕಗಟ್ಟಲೆ ವ್ಯಾಜ್ಯ ನಡೆದವು. ಆ ಮನೆತನದ ಕಾಗದಗಳಲ್ಲಿ ವಕೀಲರ ಪತ್ರವೇ ಹೆಚ್ಚಿರುವುದಕ್ಕೆ ಕಾರಣ ಇದೇ. ಒಹಾಯೊ ನದಿಯ ಉತ್ತರಕ್ಕೆ ಹೋದರೆ ಚಿತ್ರ ಬೇರೆ. 1785ರ ಕಾನೂನಿನಂತೆ ನೆಲವನ್ನು ಮೊದಲೇ 6 ಮೈಲಿ ಚದರದ ಟೌನ್‌ಶಿಪ್ಪುಗಳಾಗಿ, ಒಂದೊಂದನ್ನು 640 ಎಕರೆಯ 36 ಸೆಕ್ಷನ್‌ಗಳಾಗಿ ಕತ್ತರಿಸಿ, ಆಮೇಲೆ ಮಾರುವ ಪದ್ಧತಿ ಬಂತು. 16ನೇ ಸೆಕ್ಷನ್ ಶಾಲೆಗೆ ಮೀಸಲು. ನಿಮ್ಮ ಮನೆತನ ನದಿಯ ಎರಡೂ ಬದಿಯಲ್ಲಿ ಜಮೀನು ಹಿಡಿದಿದ್ದರೆ ಎರಡು ಬಗೆಯ ಕಾಗದ ಇರುತ್ತವೆ, ಎರಡನ್ನೂ ಬೇರೆಬೇರೆಯಾಗಿಯೇ ಓದಬೇಕು.

ಪೋಲ್ ಎಂದರೆ 16.5 ಅಡಿ. ನಾಲ್ಕು ಪೋಲ್ ಸೇರಿದರೆ 66 ಅಡಿಯ ಗಂಟರ್ ಸರಪಳಿ. 160 ಚದರ ಪೋಲ್ ಅಥವಾ 10 ಚದರ ಸರಪಳಿಗೆ ಒಂದು ಎಕರೆ. ನಿಮ್ಮ ಹೋಲಿಕೆಗೆ ಇಲ್ಲೊಂದು ಗಟ್ಟಿ ಕೊಂಡಿ ಇದೆ. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಬದಿಯ ಅಳತೆ ಗಂಟರ್ ಸರಪಳಿಯ ಸರಿಯಾಗಿ ಅರ್ಧ, ಎರಡು ಪೋಲ್. ನಾಲ್ಕು ಗುಂಟೆಗೆ ಒಂದು ಚದರ ಸರಪಳಿ, ನಲವತ್ತಕ್ಕೆ ಒಂದು ಎಕರೆ. ಕೆಂಟಕಿಯ ಕಾಡನ್ನೂ ಜೇವರ್ಗಿಯ ಎರೆಹೊಲವನ್ನೂ ಅಳೆದದ್ದು ಒಂದೇ ಕುಟುಂಬದ ಅಳತೆಗೋಲಿನಿಂದ. ಸರ್ವೆಗೂ ಮುಂಚಿನ ನಮ್ಮ ಕಾಗದದಲ್ಲಿ ಬರುವ ‘ಕೂರಿಗೆ’ ಮಾತ್ರ ಹಾಗಲ್ಲ. ಅದು ಬಿತ್ತನೆಯಿಂದ ಎಣಿಸಿದ ನೆಲ, ಮಣ್ಣು ಬದಲಾದರೆ ಎಕರೆಯೂ ಬದಲಾಗುತ್ತದೆ. ಅದನ್ನು ಒಂದೇ ಗುಣಕದಿಂದ ಎಕರೆಗೆ ತಿರುಗಿಸಬೇಡಿ.

ಹಳೆಯ ದಿಕ್ಕಿನ ಡಿಗ್ರಿಗಳು ದಿಕ್ಸೂಚಿಯ ಮುಳ್ಳು ತೋರಿಸಿದವು. ಮುಳ್ಳಿನ ಉತ್ತರ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಆದ್ದರಿಂದ ಇಂದಿನ ನಕ್ಷೆಯ ಮೇಲೆ ನೇರವಾಗಿ ಹಾಕಿದರೆ ಗೆರೆ ಓರೆಯಾಗುತ್ತದೆ.

ಹಣದಲ್ಲಿ ನಮ್ಮ ಹಾಲಿ, ಕಲ್ದಾರ್‌ನಂಥದ್ದೇ ಗೋಜಲು ಅಲ್ಲೂ ಇದೆ. ಸ್ಪ್ಯಾನಿಷ್ ಡಾಲರ್ ಒಂದೇ ಆದರೂ ವರ್ಜೀನಿಯಾ ಲೆಕ್ಕದಲ್ಲಿ ಅದು 6 ಶಿಲ್ಲಿಂಗ್, ಪೆನ್ಸಿಲ್ವೇನಿಯಾ ಲೆಕ್ಕದಲ್ಲಿ 7 ಶಿಲ್ಲಿಂಗ್ 6 ಪೆನ್ಸ್, ನ್ಯೂಯಾರ್ಕ್ ಲೆಕ್ಕದಲ್ಲಿ 8 ಶಿಲ್ಲಿಂಗ್. ಯಾವ ಲೆಕ್ಕ ಎಂದು ಗುರುತಿಸದೆ ಪೌಂಡುಗಳನ್ನು ಕೂಡಿಸಬೇಡಿ. ಪತ್ರಗಳಲ್ಲಿ ತಾರೀಖಿನ ಮುಂದೆ ‘ಇನ್‌ಸ್ಟಂಟ್’ ಎಂದಿದ್ದರೆ ಇದೇ ತಿಂಗಳು, ‘ಅಲ್ಟಿಮೊ’ ಎಂದಿದ್ದರೆ ಹೋದ ತಿಂಗಳು. ಎಫ್‌ನಂತೆ ಕಾಣುವ ಉದ್ದನೆಯ ಅಕ್ಷರ ಬಹಳ ಕಡೆ ಎಸ್. ಆಗ ಲಕೋಟೆ ಬಳಕೆಯಲ್ಲಿರಲಿಲ್ಲ, ಹಾಳೆಯನ್ನೇ ಮಡಚಿ ಬೆನ್ನ ಮೇಲೆ ವಿಳಾಸ ಬರೆಯುತ್ತಿದ್ದರು. ಆ ಬೆನ್ನಿನ ಚಿತ್ರವೂ ನಿಮ್ಮ ಕಡತದಲ್ಲಿ ಇರಲಿ.

ಕೌಂಟಿ (ಅಲ್ಲಿನ ಜಿಲ್ಲೆ) ಒಡೆದದ್ದನ್ನು ಹಿಂಬಾಲಿಸಿ. ಇಡೀ ಕೆಂಟಕಿ ಮೊದಲು ಒಂದೇ ಕೌಂಟಿ. 1780ರಲ್ಲಿ ಜೆಫರ್ಸನ್, ಫಯೆಟ್, ಲಿಂಕನ್ ಎಂದು ಮೂರಾಯಿತು, ಆಮೇಲೆ ಅವೂ ಒಡೆದವು. ಮನೆ ಅಲುಗದೆ ನಿಂತಿದ್ದರೂ ಅದರ ಕಾಗದ ನಾಲ್ಕು ಕಚೇರಿಯಲ್ಲಿ ಇರಬಹುದು. ಸಂಯುಕ್ತ ಸರ್ಕಾರ ಕೊಟ್ಟ ಪೇಟೆಂಟುಗಳ ಚಿತ್ರವನ್ನು ಅಲ್ಲಿನ ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಉಚಿತವಾಗಿ ಅಂತರಜಾಲದಲ್ಲಿ ಇಟ್ಟಿದೆ. ಕೆಂಟಕಿಯ ಜಮೀನು ವರ್ಜೀನಿಯಾ ಕೊಟ್ಟದ್ದಾದ್ದರಿಂದ ಅಲ್ಲಿ ಹುಡುಕಿ ನಿರಾಶರಾಗಬೇಡಿ. ಮನೆತನದ ಪತ್ರಗಳಿಗೆ ಲೂಯಿವಿಲ್‌ನ ಫಿಲ್ಸನ್ ಹಿಸ್ಟಾರಿಕಲ್ ಸೊಸೈಟಿ, ಮ್ಯಾಡಿಸನ್‌ನ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿರುವ ಡ್ರೇಪರ್ ಸಂಗ್ರಹ ನೋಡಿ.

ಇನ್ನೊಂದು ಮಾತು. ಯಜಮಾನ ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಕುದುರೆ, ಹಸು, ತಾಮ್ರದ ಪಾತ್ರೆಗಳ ನಡುವೆ ಮನುಷ್ಯರ ಹೆಸರುಗಳು ಬೆಲೆ ಸಮೇತ ಬರುತ್ತವೆ. ಗುಲಾಮರಾಗಿದ್ದವರು. ಕೆಂಟಕಿಯಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರ ಡಿಸೆಂಬರಿನಲ್ಲಿ. 1850, 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಬಹುತೇಕ ವಯಸ್ಸು, ಲಿಂಗ, ಬಣ್ಣ ಇವೆ, ಹೆಸರಿಲ್ಲ. ಎಷ್ಟೋ ಜನರ ಹೆಸರು ಉಳಿದಿರುವುದು ಯಜಮಾನನ ಮನೆಯ ಇಂಥ ಪಟ್ಟಿಯಲ್ಲಿ ಮಾತ್ರ. ನಿಮ್ಮ ಪ್ರಬಂಧದ ಅನುಬಂಧದಲ್ಲಿ ಆ ಹೆಸರುಗಳನ್ನು ಒಂದನ್ನೂ ಬಿಡದೆ ಕೊಡಿ. ‘ಇತರ ಆಸ್ತಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ.

ಸೇಡಂನಿಂದ: ನಮ್ಮ ಹಿರಿಯರ ಜಮೀನಿನ ಹಳೆಯ ದಾಖಲೆ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತಿಲ್ಲ. ಒಂದು ಹೊಲ ತಾಂಡೂರ ಕಡೆಗಿತ್ತು. ಎಲ್ಲಿ ಹುಡುಕಬೇಕು?

ಕಾಗದ ಬರೆದ ದಿನ ಆ ಊರು ಯಾವ ತಾಲ್ಲೂಕು, ಯಾವ ಜಿಲ್ಲೆಯಲ್ಲಿತ್ತು ಎಂಬುದನ್ನು ಮೊದಲು ನಿಶ್ಚಯಿಸಿ. 1956ರ ನವೆಂಬರ್ 1ರಂದು ರಾಜ್ಯ ವಿಂಗಡಣೆಯಾದಾಗ ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹ್ಮದಪುರ ಆಗಿನ ಮುಂಬಯಿ ರಾಜ್ಯದ ಪಾಲಾದವು, ಜಹೀರಾಬಾದ್, ನಾರಾಯಣಖೇಡ ಆಂಧ್ರದ ಪಾಲಾದವು. ಯಾದಗಿರಿಯವರು 2009ಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಗಳನ್ನು ಕಲಬುರಗಿಯಲ್ಲೂ ಕೇಳಬೇಕು. ಹಳೆಯ ಪಟ್ಟಿಗಳಲ್ಲಿ ಹುಡುಕುವಾಗ ಕಲಬುರಗಿ ಎಂದಲ್ಲ, ಗುಲ್ಬರ್ಗ ಎಂದು ನೋಡಿ.

ಊರು ದಿವಾನಿಯೋ, ಜಾಗೀರೋ, ಪಾಯಗಾವೋ, ಸರ್ಫೆಖಾಸೋ ಎಂಬುದೂ ಮುಖ್ಯ. ದಿವಾನಿ ಎಂದರೆ ಸರ್ಕಾರಿ ಆಡಳಿತ, ಸರ್ಫೆಖಾಸ್ ನಿಜಾಮರ ಖಾಸಗಿ, ಪಾಯಗಾ ದೊಡ್ಡ ಅಮೀರ ಮನೆತನಗಳ ಜಾಗೀರು. ಜಾಗೀರು, ಪಾಯಗಾಗಳಿಗೆ ತಮ್ಮದೇ ದಾಖಲೆ ಕಚೇರಿಗಳಿದ್ದವು. ಜಾಗೀರು ರದ್ದಾದದ್ದು 1358 ಫಸಲಿಯ ನಿಯಮದಿಂದ, ಅಂದರೆ 1949ರ ಆಗಸ್ಟಿನಲ್ಲಿ. ನಿಮ್ಮ ಊರು ಜಾಗೀರಾಗಿದ್ದರೆ ಅದಕ್ಕೂ ಹಿಂದಿನ ಪಹಣಿ ತಹಸೀಲಿನಲ್ಲಿ ಇಲ್ಲದಿರುವುದು ಆಶ್ಚರ್ಯವಲ್ಲ. ಇನಾಮು, ಜಾಗೀರಿನ ವಾರಸಾ ತೀರ್ಮಾನದ ಕಾಗದಕ್ಕೆ ‘ಮುಂತಖಬ್’ ಎನ್ನುತ್ತಿದ್ದರು. ಸಂಸ್ಥಾನ ಮಟ್ಟದ ಹಳೆಯ ದಫ್ತರಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ.

ಅರ್ಜಿಯಲ್ಲಿ ‘ನಮ್ಮ ಹಿರಿಯರ ಎಲ್ಲ ದಾಖಲೆ’ ಎಂದು ಕೇಳಿದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ. ಊರು, ಹಳೆಯ ಸರ್ವೆ ನಂಬರು, ಫಸಲಿ ವರ್ಷ, ಬೇಕಾದ ದಾಖಲೆಯ ಹೆಸರು (ಪಹಣಿ, ಸರ್ವೆ ಇತ್ಯರ್ಥದ ಸೇತ್ವಾರ್, ಅಳತೆ ನಕ್ಷೆಯ ಟಿಪ್ಪಣ, ವಿಸ್ತೀರ್ಣ ಮತ್ತು ಕಂದಾಯದ ಆಕಾರಬಂದ್) ಬರೆದು, ಒಂದು ಅರ್ಜಿಗೆ ಒಂದೇ ಸರ್ವೆ ನಂಬರಿನಂತೆ ದೃಢೀಕೃತ ನಕಲು ಕೇಳಿ. ಮನೆಯ ಮೂಲ ಕಾಗದವನ್ನು ಯಾರ ಮೇಜಿನ ಮೇಲೂ ಬಿಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ. ಹಳೆಯ ಸನದು ಕೈಯಲ್ಲಿದೆ ಎಂದ ಮಾತ್ರಕ್ಕೆ ಜಮೀನು ಬರುವುದಿಲ್ಲ. ಜಾಗೀರು, ಇನಾಮು ರದ್ದತಿ ಮತ್ತು ಗೇಣಿ ಕಾನೂನುಗಳು ನಡುವೆ ಬಂದಿವೆ, ಹಕ್ಕಿನ ಪ್ರಶ್ನೆಗೆ ವಕೀಲರನ್ನೇ ಕಾಣಬೇಕು.

ಸುರಪುರದಿಂದ: ಮೂವರು ಅಣ್ಣತಮ್ಮಂದಿರು. ಮನೆಯ ಹಳೆಯ ಕಾಗದಗಳನ್ನೂ ಮೂರು ಪಾಲು ಮಾಡೋಣ ಎನ್ನುತ್ತಿದ್ದಾರೆ. ಕಾಗದಗಳಲ್ಲಿ ಕೆಲವು ಜೀತದ ಕರಾರುಗಳೂ ಇವೆ. ಅವನ್ನು ಸುಟ್ಟುಬಿಡಿ ಎಂದು ಕಾಕಾ ಹೇಳುತ್ತಾರೆ.

ಪಾಲು ಮಾಡಬೇಡಿ. ಮೂಲ ಒಬ್ಬರ ಬಳಿ ಇರಲಿ, ಮೂವರೂ ಸಹಿ ಮಾಡಿದ ಪಟ್ಟಿ ಮತ್ತು ಎಲ್ಲ ಹಾಳೆಯ ಫೋಟೊ ಮೂವರ ಬಳಿಯೂ ಇರಲಿ. ಫೋಟೊಗೆ ಮೊಬೈಲ್ ಸಾಕು, ಆದರೆ ಸ್ಕ್ಯಾನಿಂಗ್ ಆ್ಯಪಿನ ಕಪ್ಪುಬಿಳುಪು ಆಯ್ಕೆ ಬೇಡ. ಅದು ಮಾಸಿದ ಶಾಯಿಯನ್ನೂ ಒತ್ತಿದ ಮೊಹರನ್ನೂ ‘ಕೊಳೆ’ ಎಂದು ಅಳಿಸಿಬಿಡುತ್ತದೆ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಎರಡೂ ಬದಿ ತೆಗೆಯಿರಿ. ಫೈಲಿನ ಹೆಸರು ಕಾಗದದ ಮೇಲಿನ ಪೆನ್ಸಿಲ್ ನಂಬರೇ ಆಗಿರಲಿ: 1-14-ಮುಂದೆ, 1-14-ಹಿಂದೆ. ಎರಡು ಬೇರೆ ಮನೆಗಳಲ್ಲಿ ಎರಡು ಹಾರ್ಡ್ ಡಿಸ್ಕ್ ಇಡಿ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಜೀತದ ಕರಾರು ಸುಡುವ ಮಾತು ಬಿಟ್ಟುಬಿಡಿ. ನಿಮ್ಮ ಕಾಕಾ ಅವರ ಸಂಕೋಚ ಅರ್ಥವಾಗುತ್ತದೆ, ಮನೆತನಕ್ಕೆ ಕೆಟ್ಟ ಹೆಸರು ಬೇಡವೆಂಬ ಕಾಳಜಿ ಅದು. ಆದರೆ ಆ ಹಾಳೆ ನಿಮ್ಮ ಮನೆತನದ್ದು ಮಾತ್ರವಲ್ಲ, ದುಡಿದವರ ಮನೆತನದ್ದೂ ಹೌದು. ನಿಜಾಮರ ಆಡಳಿತದಲ್ಲಿ ಇದಕ್ಕೆ ‘ಭಗೇಲಾ’ ಎನ್ನುತ್ತಿದ್ದರು. ಅದನ್ನು ಹತ್ತಿಕ್ಕಲು 1943ರಲ್ಲಿ ನಿಯಮ ಮಾಡಿದರು. ಇಡೀ ದೇಶದಲ್ಲಿ ಜೀತ ರದ್ದಾದ 1976ರ ಕಾಯ್ದೆಯಲ್ಲಿ ಜೀತ, ಭಗೇಲಾ ಎರಡೂ ಹೆಸರು ಸೇರಿವೆ. ಇಂಥ ಕರಾರಿನಲ್ಲಿ ಪಡೆದ ಹಣ, ದುಡಿಯಬೇಕಾದ ಅವಧಿ, ಜಾಮೀನುದಾರ, ಮದುವೆಗೋ ಬರಗಾಲಕ್ಕೋ ಎಂಬ ಕಾರಣ ಇರಬಹುದು. ಭೂಮಿಯಿಲ್ಲದವರ ಹೆಸರು ಪಹಣಿಯಲ್ಲಿ ಬರುವುದಿಲ್ಲ. ಅವರ ಮೊಮ್ಮಕ್ಕಳು ಹುಡುಕಿದರೆ ಮುತ್ಯಾನ ಹೆಸರು ಸಿಗುವುದು ಇಲ್ಲೇ. ಪಟ್ಟಿಯಲ್ಲಿ ಯಜಮಾನನ ಹೆಸರಿನ ಜೊತೆಗೆ ದುಡಿದವನ ಹೆಸರು, ಅವನ ತಂದೆಯ ಹೆಸರು, ಊರು ಮೂರನ್ನೂ ಬರೆಯಿರಿ. ಆ ಮನೆಯವರು ಊರಲ್ಲಿದ್ದರೆ ಅವರಿಗೊಂದು ಒಳ್ಳೆಯ ನಕಲು ಕೊಡಿ, ಅವರನ್ನು ಕೇಳದೆ ಆ ಹಾಳೆಯನ್ನು ಫೇಸ್‌ಬುಕ್ಕಿಗೆ ಹಾಕಬೇಡಿ.

ಸಹಿ ಬಾರದವರ ಗುರುತನ್ನೂ ಬಿಡಬೇಡಿ. ಹಳೆಯ ಮೋಡಿ ಕಾಗದಗಳಲ್ಲಿ ಒಕ್ಕಲಿಗ ಸಹಿಯ ಬದಲು ನೇಗಿಲಿನ ಚಿತ್ರ ಬರೆಸುತ್ತಿದ್ದ, ಹೆಂಗಸರ ಹೆಸರಿನ ಮುಂದೆ ಬಳೆಯ ಗುರುತು ಬರುತ್ತಿತ್ತು. ಮುಂದಿನ ಕಾಲದವುಗಳಲ್ಲಿ ಹೆಬ್ಬೆಟ್ಟು. ಅವನ್ನು ಪಟ್ಟಿಯಲ್ಲಿ ‘ಸಹಿ ಇಲ್ಲ’ ಎಂದು ಬರೆಯದೆ ‘ನೇಗಿಲ ಗುರುತು’, ‘ಬಳೆ ಗುರುತು’, ‘ಎಡಗೈ ಹೆಬ್ಬೆಟ್ಟು’ ಎಂದೇ ಬರೆದು, ಆ ಭಾಗದ ಫೋಟೊ ಹತ್ತಿರದಿಂದ ಇನ್ನೊಂದು ತೆಗೆಯಿರಿ.